ಯಾರೂ ಓದದ ಪುಟದಲ್ಲಿ ಎಷ್ಟೊಂದು ಜನ!

ನಿಮ್ಮ ಮೊಬೈಲನ್ನು ಈಗಲೇ ಕೈಗೆತ್ತಿಕೊಳ್ಳಿ. ಆಂಡ್ರಾಯ್ಡ್ ಫೋನಾದರೆ ಸೆಟ್ಟಿಂಗ್ಸ್ ತೆರೆದು ‘ಅಬೌಟ್ ಫೋನ್’ಗೆ ಹೋಗಿ. ಅದರೊಳಗೆ ‘ಲೀಗಲ್ ಇನ್ಫರ್ಮೇಶನ್’, ಅದರೊಳಗೆ ‘ಥರ್ಡ್ ಪಾರ್ಟಿ ಲೈಸೆನ್ಸಸ್’. ಐಫೋನಾದರೆ ‘ಜನರಲ್’, ಅದರೊಳಗೆ ‘ಲೀಗಲ್ ಅಂಡ್ ರೆಗ್ಯುಲೇಟರಿ’. ಈಗ ಬೆರಳಿಟ್ಟು ಸರಿಸಿ. ಸರಿಸುತ್ತಲೇ ಇರಿ. ಮುಗಿಯುವುದೇ ಇಲ್ಲ! ಹೆಸರಿನ ಹಿಂದೆ ಹೆಸರು, ಇಸವಿಯ ಹಿಂದೆ ಇಸವಿ. ವಿಶ್ವವಿದ್ಯಾಲಯಗಳು, ಕಂಪನಿಗಳು, ಸ್ವೀಡನ್ನಿನಲ್ಲಿ ಕೂತ ಒಬ್ಬ ಪ್ರೋಗ್ರಾಮರ್, ಮಂಗಳ ಗ್ರಹಕ್ಕೆ ಯಂತ್ರ ಇಳಿಸಿದ ಇನ್ನೊಬ್ಬರು. ಇವರೆಲ್ಲ ಯಾರು? ನಿಮ್ಮ ಜೇಬಿನಲ್ಲಿ ಇಷ್ಟು ದಿನ ಏನು ಮಾಡುತ್ತಿದ್ದರು?

ಈ ಪುಟ ನನ್ನ ಕಣ್ಣಿಗೆ ಬಿದ್ದದ್ದು ಗೋವಾದ ಸಡಾದಲ್ಲಿ. ವಾಸ್ಕೋ ಊರು ದಾಟಿ ಏರು ಹತ್ತಿದರೆ ಸಿಗುವ ಗುಡ್ಡದ ಬಡಾವಣೆ ಅದು. ಕೆಳಗೆ ಮೊರ್ಮುಗಾಂವ್ ಬಂದರು, ಆಚೆ ಜುವಾರಿ ನದಿ ಸಮುದ್ರ ಸೇರುವ ಜಾಗ. ಬಂದರಿನ ಕೆಲಸ ಹಿಡಿದು ಉತ್ತರ ಕರ್ನಾಟಕದಿಂದ ಬಂದ ಎಷ್ಟೋ ಮನೆಗಳು ಇಲ್ಲೇ ಬೇರೂರಿವೆ. ನನ್ನ ತಂಗಿಯ ಮನೆಯೂ ಅದರಲ್ಲೊಂದು. ಅವಳ ಮಗಳು ಒಂದು ಸಣ್ಣ ಕಂಪನಿಗೆ ಮೊಬೈಲ್ ಆ್ಯಪ್ ಬರೆಯುತ್ತಾಳೆ. ಗೋವಾದಲ್ಲಿ ಬೆಳೆಯುವ ಕನ್ನಡ ಮಕ್ಕಳಿಗೆ ಪದ ಕಲಿಸುವ ಆ್ಯಪ್. ಕಂಪನಿಯ ಸ್ವಂತ ಆಸ್ತಿ, ಅದರ ಕೋಡನ್ನು ಹೊರಗಿನವರಿಗೆ ತೋರಿಸುವುದಿಲ್ಲ. ಬಿಡುಗಡೆಗೆ ಮುನ್ನ ಅವಳಿಗೆ ಉಳಿದ ಕೊನೆಯ ಕೆಲಸ ಲೈಸೆನ್ಸ್ ಪುಟ.

“ಮಾಮಾ, ಇಲ್ಲಿ ಬರ್ರಿ, ಒಂದು ಮಜಾ ತೋರಸ್ತೀನಿ. ಈ ಆ್ಯಪ್‌ನ್ಯಾಗ ನಾ ಬರದದ್ದು ಒಂದು ಬೊಗಸಿ. ಉಳದದ್ದೆಲ್ಲಾ ಮಂದೀದು.”

“ಅಂದ್ರ ಕದ್ದದ್ದೇನವಾ?”

“ಇಲ್ರಿ ಮಾಮಾ, ಅವರ ಕೊಟ್ಟಾರ. ಪುಕ್ಕಟ ಕೊಟ್ಟಾರ. ಆದ್ರ ಒಂದು ಮಾತು ಹಾಕ್ಯಾರ್ರಿ.”

ಆ ‘ಒಂದು ಮಾತು’ ಹಿಡಿದುಕೊಂಡು ಹೊರಟವನಿಗೆ ಕಂಡದ್ದನ್ನು ಎಲ್ಲಿಂದ ಹೇಳಲಿ! ಕೆಳಗಿನ ಬಂದರಿನಿಂದ ಹೊರಡುವ ಸರಕಿನ ಹಡಗು ತನ್ನ ಹೊಟ್ಟೆಯಲ್ಲಿ ಏನಿದೆ, ಯಾರದ್ದಿದೆ ಎಂಬ ಮ್ಯಾನಿಫೆಸ್ಟ್ ಇಲ್ಲದೆ ಹೊರಡುವಂತಿಲ್ಲ. ಆ್ಯಪಿನ ಲೈಸೆನ್ಸ್ ಪುಟವೂ ಅಂಥದ್ದೇ. ಹಡಗು ಯಾರದ್ದಾದರೂ ಇರಲಿ, ಒಳಗಿನ ಸರಕು ಯಾರದ್ದೆಂದು ಅಲ್ಲಿ ಬರೆದಿರಲೇಬೇಕು. ಒಂದೇ ವ್ಯತ್ಯಾಸ: ಇಲ್ಲಿ ಸರಕು ಕೊಟ್ಟವರು ಬಾಡಿಗೆ ಕೇಳಿಲ್ಲ, ಬೆಲೆ ಕೇಳಿಲ್ಲ. ಬಹುಪಾಲು ಜನ ಕೇಳಿದ್ದು ತಮ್ಮ ಹೆಸರನ್ನು ಅಳಿಸಬೇಡಿ ಎಂಬುದಷ್ಟನ್ನೇ.

ಡೇನಿಯಲ್ ಸ್ಟೆನ್‌ಬರ್ಗ್ ಅವರನ್ನೇ ನೋಡಿ. 1990ರ ದಶಕದ ನಡುವೆ ಈ ಸ್ವೀಡಿಷ್ ಪ್ರೋಗ್ರಾಮರ್‌ಗೆ ಒಂದು ಸಣ್ಣ ಆಸೆ ಹುಟ್ಟಿತು. ತಾನು ಹರಟೆ ಹೊಡೆಯುವ ಐಆರ್‌ಸಿ ಕೋಣೆಯಲ್ಲಿ ಯಾರಾದರೂ ಕೇಳಿದರೆ ಕರೆನ್ಸಿ ವಿನಿಮಯ ದರ ಹೇಳುವ ಒಂದು ಬಾಟ್ ಇರಬೇಕು. ದಿನದ ದರವನ್ನು ಇಂಟರ್ನೆಟ್ಟಿನಿಂದ ಎಳೆದು ತರಲು ಬ್ರೆಜಿಲ್‌ನವರೊಬ್ಬರು ಬರೆದಿದ್ದ ಪುಟ್ಟ ಉಪಕರಣ ಸಿಕ್ಕಿತು. ಅದನ್ನು ತಿದ್ದಿದರು, ಬೆಳೆಸಿದರು. 1998ರ ಮಾರ್ಚ್ 20ರಂದು ಅದು ‘ಕರ್ಲ್’ ಎಂಬ ಹೆಸರಿನಲ್ಲಿ ಹೊರಬಂತು. ಇವತ್ತು ಫೋನು, ಕಾರು, ಟಿವಿ, ಆಟದ ಯಂತ್ರ, ಎಲ್ಲೆಲ್ಲಿ ಯಂತ್ರವೊಂದು ಇಂಟರ್ನೆಟ್ಟಿನಿಂದ ಏನನ್ನಾದರೂ ಎಳೆದು ತರುತ್ತದೋ ಅಲ್ಲೆಲ್ಲ ಕರ್ಲ್ ಇರುವ ಸಂಭವವಿದೆ. 2021ರಲ್ಲಿ ಮಂಗಳನ ಮೇಲೆ ಇಂಜೆನ್ಯುಯಿಟಿ ಎಂಬ ಪುಟ್ಟ ಹೆಲಿಕಾಪ್ಟರ್ ಹಾರಿದಾಗ ಕೋಡು ಹಂಚುವ ತಾಣ ನಡೆಸುವ ಗಿಟ್‌ಹಬ್ ಸಂಸ್ಥೆ ಆ ಸಾಹಸದ ಹಿಂದಿನ ಮುಕ್ತ ತಂತ್ರಾಂಶಗಳಿಗೆ ಕೋಡ್ ಕೊಟ್ಟ ಸುಮಾರು 12,000 ಜನರನ್ನು ಗುರುತಿಸಿ ಗೌರವಿಸಿತು. ಕರ್ಲ್ ಬಳಗವೂ ಅದರಲ್ಲಿತ್ತು!

ಕರ್ಲ್‌ನ ಲೈಸೆನ್ಸ್ ಎಂಐಟಿ ಮಾದರಿಯದು, ಕೆಲವೇ ಸಾಲು. ಯಾರು ಬೇಕಾದರೂ ಬಳಸಿ, ಮಾರಿ, ಬದಲಿಸಿ. ಈ ಹಕ್ಕುಸ್ವಾಮ್ಯದ ಸಾಲನ್ನೂ ಈ ಅನುಮತಿಯ ಸಾಲನ್ನೂ ಎಲ್ಲ ಪ್ರತಿಗಳಲ್ಲಿ ಉಳಿಸಿ. ಆ ಸಾಲಿನಲ್ಲಿ ಸ್ಟೆನ್‌ಬರ್ಗ್ ಅವರ ಹೆಸರಿದೆ, ಇಮೇಲ್ ವಿಳಾಸವಿದೆ. ಹಾಗಾಗಿ ಏನಾಗುತ್ತದೆ ಗೊತ್ತೇ? ಕಾರಿನ ಪರದೆ ಕೈಕೊಟ್ಟವರು ಆ ಕಾರಿನೊಳಗೆ ಸಿಕ್ಕ ಒಂದೇ ಒಂದು ಮನುಷ್ಯ ವಿಳಾಸಕ್ಕೆ ಪತ್ರ ಬರೆಯುತ್ತಾರೆ. ತಮ್ಮ ಇನ್‌ಸ್ಟಾಗ್ರಾಮ್ ಖಾತೆಗೆ ಯಾರೋ ಕನ್ನ ಹಾಕಿದ್ದಾರೆಂದು ಕಂಗಾಲಾದ ಒಬ್ಬರು, ಆ ಆ್ಯಪಿನ ಲೈಸೆನ್ಸ್ ಪುಟದಲ್ಲಿ ಇವರ ಹೆಸರು ಕಂಡು ಇವರೇ ಕನ್ನ ಹಾಕಿದವರೆಂದು 2016ರಲ್ಲಿ ಪತ್ರ ಬರೆದಿದ್ದರು. ಸ್ಟೆನ್‌ಬರ್ಗ್ ಈ ಪತ್ರಗಳನ್ನು ತಾವೇ ಪ್ರಕಟಿಸಿದ್ದಾರೆ. ನನಗೆ ಇದರಲ್ಲಿ ಕಾಣುವುದು ಒಂದು ಮಹಾ ಸಂಗತಿ: ಕೋಟಿಗಟ್ಟಲೆ ಜನ ಬಳಸುವ, ಒಳಗೇನಿದೆ ಎಂದು ಯಾರಿಗೂ ತೋರಿಸದ ಆ್ಯಪಿನಲ್ಲಿ, ಬರೆದವರ ವಿಳಾಸ ಹೊತ್ತ ಒಂದು ಕಿಟಕಿ ತೆರೆದೇ ಇದೆ. ಅದನ್ನು ತೆರೆದಿಟ್ಟದ್ದು ಲೈಸೆನ್ಸಿನ ಆ ಒಂದು ಷರತ್ತು.

ಇನ್ನೊಂದು ಹೆಸರು: ಎಸ್‌ಕ್ಯೂಲೈಟ್. ವಾಟ್ಸ್‌ಆ್ಯಪ್ ಸಂದೇಶಗಳು ನಿಮ್ಮ ಆಂಡ್ರಾಯ್ಡ್ ಫೋನಿನಲ್ಲಿ ಕೂತಿರುವುದು ಈ ದತ್ತಕೋಶದಲ್ಲೇ. ಇದನ್ನು 2000ದಲ್ಲಿ ಶುರುಮಾಡಿದವರು ರಿಚರ್ಡ್ ಹಿಪ್. ಆಗ ಅವರು ಕೆಲಸ ಮಾಡುತ್ತಿದ್ದದ್ದು ಅಮೆರಿಕದ ನೌಕಾಪಡೆಯ ಆಸ್ಕರ್ ಆಸ್ಟಿನ್ ಎಂಬ ಕ್ಷಿಪಣಿ ವಿಧ್ವಂಸಕ ಹಡಗಿಗಾಗಿ! ಸಡಾದ ಗುಡ್ಡದ ಮೇಲೆ ಕೂತು ಇದನ್ನು ಓದಿದಾಗ ಮೈ ಜುಮ್ಮೆಂದಿತು. ಕೆಳಗಿನ ಬಂದರಿನ ಹೆಸರನ್ನೇ ಹೊತ್ತ ಐಎನ್‌ಎಸ್ ಮೊರ್ಮುಗಾಂವ್ ಕೂಡ ಕ್ಷಿಪಣಿ ವಿಧ್ವಂಸಕವೇ. 2022ರ ಡಿಸೆಂಬರ್ 18ರಂದು ನಮ್ಮ ನೌಕಾಪಡೆ ಸೇರಿತು. ಯುದ್ಧನೌಕೆಯೊಂದರ ಅಗತ್ಯದಿಂದ ಹುಟ್ಟಿದ ಕೋಡಿಗೆ ಹಿಪ್ ಮುಂದೆ ಯಾವ ಲೈಸೆನ್ಸನ್ನೂ ಉಳಿಸಲಿಲ್ಲ. ಹಕ್ಕನ್ನು ಪೂರ್ತಿ ಬಿಟ್ಟುಕೊಟ್ಟು, ಲೈಸೆನ್ಸ್ ಇರಬೇಕಾದ ಜಾಗದಲ್ಲಿ ಬಳಸುವವರಿಗೆ ಮೂರು ಸಾಲಿನ ಹರಕೆ ಬರೆದಿಟ್ಟರು. ಹೀಗೆ ಹಕ್ಕು ಬಿಟ್ಟುಕೊಡುವ ದಾರಿ ನಮ್ಮ ಕಾಯಿದೆಯಲ್ಲೂ ಇದೆ. 1957ರ ಹಕ್ಕುಸ್ವಾಮ್ಯ ಕಾಯಿದೆಯ 21ನೇ ಸೆಕ್ಷನ್ ಪ್ರಕಾರ ಲೇಖಕ ತನ್ನ ಹಕ್ಕನ್ನು ಪೂರ್ತಿಯಾಗಿಯೋ ಭಾಗಶಃವೋ ತ್ಯಜಿಸಬಹುದು.

ಜೀಲಿಬ್ ಎಂಬ ಲೈಬ್ರರಿಯ, ಅಂದರೆ ಬೇರೆ ಪ್ರೋಗ್ರಾಮುಗಳು ಎತ್ತಿಕೊಂಡು ಬಳಸುವ ಸಿದ್ಧ ಕೋಡಿನ, ಕತೆಯೂ ಕೇಳಿ. ಫೈಲುಗಳನ್ನು ಹಿಂಡಿ ಚಿಕ್ಕದು ಮಾಡುವ ಕೋಡು ಅದು. ನೀವು ನೋಡುವ ಪಿಎನ್‌ಜಿ ಚಿತ್ರಗಳೆಲ್ಲ ತೆರೆದುಕೊಳ್ಳುವುದು ಇದೇ ವಿಧಾನದಿಂದ. ಬರೆದವರು ಇಬ್ಬರು, ಜಾನ್-ಲೂ ಗೈಯಿ ಮತ್ತು ಮಾರ್ಕ್ ಆಡ್ಲರ್. ಈ ಆಡ್ಲರ್ ಮುಂದೆ ನಾಸಾದಲ್ಲಿ, 2004ರ ಜನವರಿಯಲ್ಲಿ ಮಂಗಳನ ಮೇಲಿಳಿದ ಸ್ಪಿರಿಟ್ ರೋವರಿನ ಮಿಷನ್ ಮ್ಯಾನೇಜರ್ ಆಗಿದ್ದವರು! ಅವರ ಲೈಸೆನ್ಸ್ ಎಷ್ಟು ಮೃದು ಎಂದರೆ, ಹೆಸರು ಹಾಕಿದರೆ ಸಂತೋಷ, ಹಾಕಲೇಬೇಕೆಂದಿಲ್ಲ ಎನ್ನುತ್ತದೆ. ನನ್ನ ಸೋದರ ಸೊಸೆ ಅದನ್ನು ಓದಿ ಅವರ ಹೆಸರನ್ನು ಪುಟದಲ್ಲಿ ಉಳಿಸಿಕೊಂಡಳು. ಹಾಗೆಯೇ ಮಾಡಬೇಕು ಎಂದು ನನಗೂ ಅನ್ನಿಸುತ್ತದೆ.

ಆದರೆ ಇದೆಲ್ಲ ಬರೀ ಸೌಜನ್ಯದ ಮಾತೇ? ಅಲ್ಲ. ಇಲ್ಲೇ ನನಗೆ ಇನ್ನೊಂದು ಬಾಗಿಲು ತೆರೆದದ್ದು. ನಮ್ಮ ಹಕ್ಕುಸ್ವಾಮ್ಯ ಕಾಯಿದೆಯ 2ನೇ ಸೆಕ್ಷನ್ ಕಂಪ್ಯೂಟರ್ ಪ್ರೋಗ್ರಾಮನ್ನು ‘ಸಾಹಿತ್ಯ ಕೃತಿ’ ಎಂದೇ ಎಣಿಸುತ್ತದೆ. ಕಾಯಿದೆಯ ಕಣ್ಣಿಗೆ ಕುವೆಂಪು ಅವರ ಕಾದಂಬರಿಯೂ ಸ್ಟೆನ್‌ಬರ್ಗ್ ಅವರ ಕರ್ಲೂ ಒಂದೇ ಪಂಕ್ತಿ! ಹಕ್ಕುಸ್ವಾಮ್ಯ ಕುರಿತ ಅಂತರರಾಷ್ಟ್ರೀಯ ಬರ್ನ್ ಒಪ್ಪಂದದ ಬಲದಿಂದ ಸ್ವೀಡನ್ನಿನಲ್ಲಿ ಬರೆದ ಸಾಲಿಗೂ ಗೋವಾದಲ್ಲಿ ರಕ್ಷಣೆಯಿದೆ. ಹಾಗಿದ್ದಮೇಲೆ ಗಿಟ್‌ಹಬ್‌ನಲ್ಲಿ ಎಲ್ಲರಿಗೂ ಕಾಣುವಂತೆ ಬಿದ್ದಿರುವ ಕೋಡು ಎಲ್ಲರದ್ದೂ ಅಲ್ಲ. ಲೈಸೆನ್ಸ್ ಫೈಲೇ ಇಲ್ಲದ ಕೋಡಿನ ಸಕಲ ಹಕ್ಕೂ ಬರೆದವರಲ್ಲೇ ಉಳಿದಿರುತ್ತದೆ. ಅದನ್ನು ಆ್ಯಪಿಗೆ ಸೇರಿಸಲು ಅನುಮತಿಯೇ ಇಲ್ಲ. ಲೈಸೆನ್ಸ್ ಇದ್ದರೆ ಅದೇ ಅನುಮತಿ. ಷರತ್ತು ಮುರಿದರೆ ಅನುಮತಿಯ ನೆಲ ಕಾಲಡಿಯಿಂದ ಜಾರುತ್ತದೆ.

ಇದನ್ನು ಜಗತ್ತಿಗೆ ಖಚಿತಪಡಿಸಿದ ಮೊಕದ್ದಮೆ ಹುಟ್ಟಿದ್ದು ಎಲ್ಲಿಂದ ಅಂದುಕೊಂಡಿರಿ? ಆಟಿಕೆ ರೈಲಿನಿಂದ! ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಭೌತಶಾಸ್ತ್ರ ಪ್ರಾಧ್ಯಾಪಕ ರಾಬರ್ಟ್ ಜೇಕಬ್ಸನ್ ಅವರಿಗೆ ಮಾದರಿ ರೈಲುಗಳ ಹವ್ಯಾಸ. ಅವುಗಳನ್ನು ಕಂಪ್ಯೂಟರಿನಿಂದ ಓಡಿಸುವ ಜೆಎಂಆರ್‌ಐ ಎಂಬ ಮುಕ್ತ ತಂತ್ರಾಂಶವನ್ನು ಅವರ ಬಳಗ ಬರೆದಿತ್ತು. ಮ್ಯಾಥ್ಯೂ ಕಾಟ್ಜರ್ ಎಂಬವರ ಕಂಪನಿ ಅದರ ಕೆಲವು ಫೈಲುಗಳನ್ನು, ಬರೆದವರ ಹೆಸರು ಮತ್ತು ಹಕ್ಕುಸ್ವಾಮ್ಯದ ಸಾಲು ಇಲ್ಲದೆ, ತನ್ನ ಉತ್ಪನ್ನದಲ್ಲಿ ಸೇರಿಸಿಕೊಂಡಿತು. 2008ರ ಆಗಸ್ಟ್ 13ರಂದು ಅಮೆರಿಕದ ಫೆಡರಲ್ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ ಹೇಳಿತು: ದುಡ್ಡು ಕೇಳದಿದ್ದರೂ ಮುಕ್ತ ಲೈಸೆನ್ಸಿನ ಷರತ್ತು ಷರತ್ತೇ, ಮುರಿದರೆ ಅದು ಹಕ್ಕುಸ್ವಾಮ್ಯದ ಉಲ್ಲಂಘನೆ. ಬೆಲೆಯಿಲ್ಲದೆ ಕೊಟ್ಟದ್ದಕ್ಕೂ ಬೆಲೆಯುಂಟು ಎಂದು ನ್ಯಾಯಾಲಯ ಒಪ್ಪಿದ ದಿನವದು. ಪುಟ್ಟ ರೈಲಿನ ಹಳಿಯ ಮೇಲೆ ಇಡೀ ಮುಕ್ತ ತಂತ್ರಾಂಶ ಲೋಕದ ಭಾರ!

ಸೊಸೆ ಬಳಸುವುದು ಫ್ಲಟರ್ ಎಂಬ ಸಾಧನ. ಅದರಲ್ಲಿ ‘ಶೋ ಲೈಸೆನ್ಸ್ ಪೇಜ್’ ಎಂಬ ಒಂದು ಆದೇಶ ಸಾಕು, ಆ್ಯಪಿಗೆ ಸೇರಿದ ಪ್ಯಾಕೇಜುಗಳ ಲೈಸೆನ್ಸುಗಳೆಲ್ಲ ತಾವಾಗಿ ಪುಟವೇರಿ ಬರುತ್ತವೆ. ಬರೀ ಆಂಡ್ರಾಯ್ಡಿಗೆ ಬರೆಯುವವರಿಗೆ ಗೂಗಲ್ಲಿನ ಓಎಸ್‌ಎಸ್ ಲೈಸೆನ್ಸಸ್ ಪ್ಲಗಿನ್ ಇದೆ, ಐಫೋನಿನವರಿಗೆ ಲೈಸೆನ್ಸ್‌ಪ್ಲಿಸ್ಟ್ ಇದೆ. ಆದರೆ ಯಂತ್ರ ಹಿಡಿಯದ ಸಂಗತಿಗಳೂ ಇವೆ, ಅವೇ ಅಪಾಯದವು: ಕೈಯಾರೆ ಕಾಪಿ ಮಾಡಿ ಅಂಟಿಸಿದ ಕೋಡು, ಫಾಂಟು, ಐಕಾನು, ಸದ್ದು, ದತ್ತಾಂಶ. ಪ್ರೋಗ್ರಾಮರ್‌ಗಳ ಪ್ರಶ್ನೋತ್ತರ ತಾಣ ಸ್ಟ್ಯಾಕ್ ಓವರ್‌ಫ್ಲೋದಿಂದ ಎತ್ತಿಕೊಂಡ ಹತ್ತು ಸಾಲಿಗೂ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸಿದೆ. ಅಪಾಚೆ 2.0 ಲೈಸೆನ್ಸಿನ ಲೈಬ್ರರಿಯ ಜೊತೆ ‘ನೋಟೀಸ್’ ಎಂಬ ಫೈಲು ಬಂದಿದ್ದರೆ ಅದರಲ್ಲಿನ ಕೃತಜ್ಞತೆಯ ಸಾಲುಗಳನ್ನೂ ಮುಂದಕ್ಕೆ ದಾಟಿಸಬೇಕು. ತಿದ್ದಿದ ಫೈಲಿನಲ್ಲಿ ತಿದ್ದಿದ್ದೇವೆ ಎಂದು ಹೇಳಬೇಕು. ಬಿಎಸ್‌ಡಿ ಲೈಸೆನ್ಸಿನ ಮೂರು ಷರತ್ತಿನ ಆವೃತ್ತಿ, ನಮ್ಮ ಹೆಸರು ಹೇಳಿ ನಿಮ್ಮ ಉತ್ಪನ್ನಕ್ಕೆ ಜಾಹೀರಾತು ಮಾಡಬೇಡಿ ಎನ್ನುತ್ತದೆ. ಇಷ್ಟೂ ಅರ್ಧ ದಿನದ ಕೆಲಸ. ಅರ್ಧ ದಿನ ಕೊಟ್ಟರೆ ಇಷ್ಟು ಜನರ ಋಣ ಸಲ್ಲುತ್ತದೆ ಎನ್ನುವುದೇ ನನಗೆ ಬೆರಗು.

ಇವೆಲ್ಲ ಹೆಸರು ಕೇಳುವ ಲೈಸೆನ್ಸುಗಳು. ಇನ್ನೊಂದು ಕುಟುಂಬವಿದೆ, ಅದು ಹೆಸರಿಗೆ ತೃಪ್ತವಾಗುವುದಿಲ್ಲ. ರಿಚರ್ಡ್ ಸ್ಟಾಲ್‌ಮನ್ ಬರೆದ ಜಿಪಿಎಲ್. ನಾನು ನಿನಗೆ ಕೋಡು ಕೊಟ್ಟೆ, ಅದನ್ನು ಸೇರಿಸಿ ನೀನು ಮಾಡಿದ ಕೃತಿಯನ್ನು ಹಂಚುವಾಗ ನಿನ್ನ ಕೋಡನ್ನೂ ಇದೇ ಷರತ್ತಿನಲ್ಲಿ ಕೊಡು ಎನ್ನುವ ಲೈಸೆನ್ಸ್ ಅದು. ನಿಮ್ಮ ಆಂಡ್ರಾಯ್ಡ್ ಫೋನಿನ ಎದೆಯಾದ ಲಿನಕ್ಸ್ ಕರ್ನಲ್ 1991ರ ಜಿಪಿಎಲ್ ಎರಡನೇ ಆವೃತ್ತಿಯಲ್ಲಿದೆ. ಹಾಗಾಗಿ ಫೋನು ಮಾರುವ ಪ್ರತಿ ಕಂಪನಿಯೂ ತನ್ನ ಕರ್ನಲ್‌ನ ಮೂಲ ಕೋಡನ್ನು ಕೊಡಬೇಕು, ಇಲ್ಲವೇ ಕೇಳಿದವರಿಗೆ ಕೊಡುತ್ತೇವೆಂದು ಕನಿಷ್ಠ ಮೂರು ವರ್ಷ ಬಾಳುವ ಲಿಖಿತ ಮಾತು ಕೊಡಬೇಕು. ಅಂದರೆ ಸಡಾದ ಒಂದು ಮನೆಯಲ್ಲಿ ಫೋನು ಹಿಡಿದ ಹುಡುಗಿಗೂ ಅದರ ಕರ್ನಲ್ ಕೋಡು ಪಡೆಯುವ ದಾರಿಯಿದೆ! ಮುಚ್ಚಿದ ಆ್ಯಪಿನೊಳಗೆ ಮಾತ್ರ ಜಿಪಿಎಲ್ ಲೈಬ್ರರಿ ಹೊಂದುವುದಿಲ್ಲ. ಒಂದೋ ಆ್ಯಪಿನ ಕೋಡನ್ನೂ ತೆರೆಯಬೇಕು, ಇಲ್ಲವೇ ಬೇರೆ ಲೈಬ್ರರಿ ಹುಡುಕಬೇಕು, ಅಥವಾ ಬರೆದವರನ್ನೇ ಕೇಳಿ ಬೇರೆ ಅನುಮತಿ ಪಡೆಯಬೇಕು.

ಬರೆದವರನ್ನೇ ಕೇಳುವುದು! ವಿಎಲ್‌ಸಿ ಪ್ಲೇಯರ್ ಬಳಗ ಮಾಡಿದ್ದು ಅದನ್ನೇ. 2010ರ ಸೆಪ್ಟೆಂಬರಿನಲ್ಲಿ ಕಿತ್ತಳೆ ಬಣ್ಣದ ಕೋನ್ ಚಿಹ್ನೆಯ ಆ ಪ್ಲೇಯರ್ ಆ್ಯಪಲ್‌ನ ಆ್ಯಪ್ ಸ್ಟೋರಿಗೆ ಬಂತು. ವಿಎಲ್‌ಸಿಯ ಮುಖ್ಯ ಲೇಖಕರಲ್ಲಿ ಒಬ್ಬರಾದ ರೆಮಿ ಡೆನಿ-ಕೂರ್ಮೋ ಆಕ್ಷೇಪ ಎತ್ತಿದರು. ಆ್ಯಪ್ ಸ್ಟೋರ್ ತನ್ನ ನಿಯಮಗಳಲ್ಲಿ ಬಳಕೆಗೆ ಮಿತಿ ಹಾಕುತ್ತದೆ; ಜಿಪಿಎಲ್ ಹೊಸ ಮಿತಿ ಹಾಕಬಾರದು ಎನ್ನುತ್ತದೆ; ಎರಡೂ ಒಟ್ಟಿಗೆ ನಡೆಯವು ಎಂಬುದು ಅವರ ವಾದ. 2011ರ ಜನವರಿಯಲ್ಲಿ ಆ್ಯಪಲ್ ಅದನ್ನು ಸ್ಟೋರಿನಿಂದ ತೆಗೆದುಹಾಕಿತು. ಮುಂದೆ ನಡೆದದ್ದನ್ನು ಓದುವಾಗ ನನಗೆ ಉಸಿರು ಹಿಡಿದಂತಾಯಿತು. ಜಾನ್-ಬಾಪ್ಟಿಸ್ಟ್ ಕೆಂಪ್ಫ್ ಎಂಬ ಫ್ರೆಂಚ್ ಪ್ರೋಗ್ರಾಮರ್ ಮೊದಲು ವಿಎಲ್‌ಸಿಯ ಒಳಯಂತ್ರವನ್ನು, ಆಮೇಲೆ ಅದರ ಬಿಡಿಭಾಗಗಳನ್ನು ಜಿಪಿಎಲ್‌ನಿಂದ ಎಲ್‌ಜಿಪಿಎಲ್‌ಗೆ ಬದಲಿಸಲು ಹೊರಟರು. ಹಕ್ಕು ಒಬ್ಬರದಲ್ಲ. ವರ್ಷಗಳ ಹಿಂದೆ ಒಂದು ದೋಷ ತಿದ್ದಿ ಮಾಯವಾದ ವಿದ್ಯಾರ್ಥಿಯದ್ದೂ ಹಕ್ಕೇ. ಅವರನ್ನೆಲ್ಲ ಒಬ್ಬೊಬ್ಬರನ್ನಾಗಿ ಹುಡುಕಬೇಕು. 200ಕ್ಕೂ ಹೆಚ್ಚು ಜನ! ಹಳೆಯ ಇಮೇಲ್ ಸತ್ತಿದ್ದರೆ ಬೇರೆ ಜಾಡು ಹಿಡಿಯಬೇಕು. ಹುಡುಕಿದರು, ಕೇಳಿದರು, ಒಪ್ಪಿಗೆ ಪಡೆದರು. 2013ರ ಜುಲೈನಲ್ಲಿ ವಿಎಲ್‌ಸಿ ಹೊಸ ಲೈಸೆನ್ಸಿನೊಂದಿಗೆ ಐಫೋನಿಗೆ ಮರಳಿತು. ಒಂದು ಆ್ಯಪಿಗಾಗಿ ನೂರಾರು ಜನರ ಕದ ತಟ್ಟಿ, ನಿನ್ನದನ್ನು ಹೀಗೆ ಬಳಸಲೇ ಎಂದು ಕೇಳಿದ ಇನ್ನೊಂದು ಕತೆ ನಾನು ಕೇಳಿಲ್ಲ.

ಎಲ್‌ಜಿಪಿಎಲ್ ಎಂಬುದು ನಡುದಾರಿ. ಲೈಬ್ರರಿ ಮುಕ್ತವಾಗಿರಲಿ, ಅದನ್ನು ಬಳಸುವ ಆ್ಯಪ್ ಮುಚ್ಚಿಕೊಂಡಿರಲಿ, ಆದರೆ ಬಳಕೆದಾರ ಲೈಬ್ರರಿಯ ತಿದ್ದಿದ ಪ್ರತಿಯನ್ನು ಹಾಕಿಕೊಳ್ಳಲು ದಾರಿ ಇರಲಿ ಎನ್ನುತ್ತದೆ. ವಿಡಿಯೋ ತೆರೆಯುವ ಎಫ್‌ಎಫ್‌ಎಂಪೆಗ್ ಈ ಬಗೆಯದು. 2000ದಲ್ಲಿ ಫ್ಯಾಬ್ರಿಸ್ ಬೆಲ್ಲಾರ್ ಶುರುಮಾಡಿದ್ದು. ಅದರಲ್ಲಿ ಬೇಕಾದರೆ ಸೇರಿಸಿಕೊಳ್ಳಬಹುದಾದ ಕೆಲವು ಭಾಗಗಳು ಪೂರ್ತಿ ಜಿಪಿಎಲ್. ಕಂಪೈಲ್ ಮಾಡುವಾಗ ಒಂದು ಆಯ್ಕೆ ತಪ್ಪಿ ಒತ್ತಿದರೆ ಇಡೀ ಆ್ಯಪಿನ ಬಾಧ್ಯತೆ ಬದಲಾಗುತ್ತದೆ. ಆ ಆಯ್ಕೆಯನ್ನು ಮುಟ್ಟದೆ, ಲೈಬ್ರರಿಯನ್ನು ಆ್ಯಪಿನಿಂದ ಬೇರೆಯಾಗಿಟ್ಟು ಜೋಡಿಸಿ, ಬಳಸಿದ ಆವೃತ್ತಿಯ ಮೂಲ ಕೋಡನ್ನು ತಮ್ಮ ಜಾಲತಾಣದಲ್ಲೇ ಇಟ್ಟು, ‘ಅಬೌಟ್’ ಪುಟದಲ್ಲಿ ಹೇಳಿದರೆ ದಾರಿ ಸುಗಮ. ಎಫ್‌ಎಫ್‌ಎಂಪೆಗ್ ಬಳಗವೇ ಇದನ್ನು ಹಂತಹಂತವಾಗಿ ಬರೆದಿಟ್ಟಿದೆ.

ಈಗ ನನ್ನನ್ನು ನಿಜಕ್ಕೂ ನಿಲ್ಲಿಸಿದ ಜಾಗಕ್ಕೆ ಬರುತ್ತೇನೆ. ಸೊಸೆಯ ಪಟ್ಟಿಯಲ್ಲಿ ‘ಹಾರ್ಫ್‌ಬಜ್’ ಎಂಬ ಹೆಸರಿತ್ತು. ಏನದು ಎಂದೆ. “ಮಾಮಾ, ಅದು ಇಲ್ಲಂದ್ರ ಕನ್ನಡನ ಇಲ್ರಿ” ಎಂದಳು. ಪರದೆಯ ಮೇಲೆ ‘ಸ್ತ್ರೀ’ ಎಂದು ಟೈಪ್ ಮಾಡಿ ತೋರಿಸಿದಳು. ಫೋನಿನ ನೆನಪಿನಲ್ಲಿ ಅದು ಆರು ಬಿಡಿ ಸಂಕೇತಗಳ ಸಾಲು: ಸ, ಹಲಂತ, ತ, ಹಲಂತ, ರ, ಕೊನೆಗೆ ದೀರ್ಘ ಈಕಾರ. ಆದರೆ ಕಣ್ಣಿಗೆ ಕಾಣುವಾಗ ಕೊನೆಯಲ್ಲಿದ್ದ ಈಕಾರದ ಗುಡಿಸು ಓಡಿಬಂದು ಮೊದಲಿನ ಸಕಾರಕ್ಕೆ ಕೂಡುತ್ತದೆ. ತ ಮತ್ತು ರ ಒತ್ತುಗಳಾಗಿ ಕೆಳಗಿಳಿಯುತ್ತವೆ. ‘ಕರ್ನಾಟಕ’ ನೋಡಿ. ರಕಾರವನ್ನು ಟೈಪ್ ಮಾಡಿದ್ದು ನಕಾರಕ್ಕಿಂತ ಮೊದಲು, ಕಾಣುವುದು ‘ನಾ’ ಆದಮೇಲೆ ಅರ್ಕಾವತ್ತಾಗಿ! ಈ ಎತ್ತಿಡುವ, ಇಳಿಸುವ, ಹೊಂದಿಸುವ ಕೆಲಸವನ್ನು ಕ್ಷಣಕ್ಷಣವೂ ಮಾಡುವುದು ಹಾರ್ಫ್‌ಬಜ್. ಆಂಡ್ರಾಯ್ಡಿನಲ್ಲಿ, ಕ್ರೋಮ್‌ನಲ್ಲಿ, ಫೈರ್‌ಫಾಕ್ಸ್‌ನಲ್ಲಿ, ಫ್ಲಟರ್‌ನ ಒಳಗೆ ಅದೇ. ಅದರ ಇಂದಿನ ರೂಪದ ಮುಖ್ಯ ಶಿಲ್ಪಿ ಇರಾನ್ ಮೂಲದ ಬೆಹದಾದ್ ಎಸ್ಫಹಬೋದ್. ಅದರ ಹಕ್ಕುಸ್ವಾಮ್ಯದ ಪಟ್ಟಿಯಲ್ಲಿ ರೆಡ್ ಹ್ಯಾಟ್, ಗೂಗಲ್, ಮೊಜಿಲ್ಲಾ, ನಮ್ಮ ಹಳೆಯ ನೋಕಿಯಾ ಕೂಡ ಇದೆ. ಇವರೆಲ್ಲ ಕೇಳಿದ್ದು ಏನು? ಈ ನಾಲ್ಕು ಸಾಲನ್ನು ಪ್ರತಿಗಳಲ್ಲಿ ಉಳಿಸಿ ಎಂದು. ಇಷ್ಟೇ! ನಮ್ಮ ಅರ್ಕಾವತ್ತನ್ನು ಸರಿಯಾದ ಜಾಗದಲ್ಲಿ ಕೂರಿಸಿದವರು ಕೇಳಿದ್ದು ಇಷ್ಟೇ!

ಆಂಡ್ರಾಯ್ಡಿಗೆ ಕನ್ನಡದ ಬೆಂಬಲ ಸೇರಿದ್ದು 2012ರಲ್ಲಿ, 4.1ನೇ ಆವೃತ್ತಿಯಲ್ಲಿ. ಅದಕ್ಕೂ ಹಿಂದಿನ ಎಷ್ಟೋ ಫೋನುಗಳಲ್ಲಿ ಕನ್ನಡದ ಜಾಗದಲ್ಲಿ ಬರೀ ಖಾಲಿ ಚೌಕಗಳು ಕಾಣುತ್ತಿದ್ದದ್ದು ನೆನಪಿರಬಹುದು. ಇಂಥ ಚೌಕಗಳು ಕಾಣದಂತೆ ಮಾಡಲೆಂದು ಹುಟ್ಟಿದ ನೋಟೋ ಫಾಂಟುಗಳೂ ಮುಕ್ತವೇ. 2015ರಲ್ಲಿ ಅವು ಎಸ್‌ಐಎಲ್ ಓಪನ್ ಫಾಂಟ್ ಲೈಸೆನ್ಸಿಗೆ ಬಂದವು. ಏಕ್ ಟೈಪ್‌ನ ‘ಬಲೂ ತಮ್ಮ’ ಫಾಂಟು, ವೈಷ್ಣವಿ ಮೂರ್ತಿ ಮತ್ತು ಹುವಾನ್ ಲೂಯಿಸ್ ಬ್ಲಾಂಕೋ ಜೊತೆಯಾಗಿ ಕಟ್ಟಿದ ‘ಅಕಾಯಾ ಕನ್ನಡಕ’ ಫಾಂಟು, ಎಲ್ಲವೂ ಇದೇ ಲೈಸೆನ್ಸಿನವು. ಮುಚ್ಚಿದ ಆ್ಯಪಿನಲ್ಲಿ, ಮಾರುವ ಆ್ಯಪಿನಲ್ಲಿ ಧಾರಾಳವಾಗಿ ಬಳಸಬಹುದು. ಫಾಂಟನ್ನಷ್ಟೇ ಬಿಡಿಯಾಗಿ ಮಾರುವಂತಿಲ್ಲ, ಲೈಸೆನ್ಸಿನ ಪ್ರತಿ ಜೊತೆಗಿರಬೇಕು, ಕಾಯ್ದಿರಿಸಿದ ಹೆಸರಿದ್ದರೆ ತಿದ್ದಿದ ಫಾಂಟಿಗೆ ಆ ಹೆಸರಿಡುವಂತಿಲ್ಲ. ಫ್ಲಟರ್‌ನ ಯಾಂತ್ರಿಕ ಪುಟದಲ್ಲಿ, ನಾವು ಆ್ಯಪಿಗೆ ಹಾಕಿದ ಫಾಂಟಿನ ಲೈಸೆನ್ಸು ತಾನಾಗಿ ಬರುವುದಿಲ್ಲ, ಕೈಯಾರೆ ಸೇರಿಸಬೇಕು. ಸೊಸೆ ಸೇರಿಸಿದಳು.

ಕೊನೆಯದಾಗಿ ಉಳಿದದ್ದು ಪದಗಳು. ಪದ ಕಲಿಸುವ ಆ್ಯಪಿಗೆ ನಿಘಂಟು ಬೇಡವೇ? ಅವಳು ಆರಿಸಿಕೊಂಡದ್ದು ‘ಅಲರ್’. ವಿ. ಕೃಷ್ಣ ಎಂಬ ಒಬ್ಬರೇ ವ್ಯಕ್ತಿ ದಶಕಗಳ ಕಾಲ ಕೂತು ಕಟ್ಟಿದ ಕನ್ನಡ-ಇಂಗ್ಲಿಷ್ ನಿಘಂಟು. ಒಂದೂವರೆ ಲಕ್ಷಕ್ಕೂ ಹೆಚ್ಚು ಕನ್ನಡ ಪದಗಳು, 2,40,000ಕ್ಕೂ ಹೆಚ್ಚು ಅರ್ಥಗಳು! ಒಬ್ಬರೇ! ಮಲಯಾಳಕ್ಕೆ ‘ಓಳಂ’ ನಿಘಂಟು ಕೊಟ್ಟ, ಬೆಂಗಳೂರಿನ ಜೆರೋಧಾ ಸಂಸ್ಥೆಯ ತಂತ್ರಜ್ಞ ಕೈಲಾಶ್ ನಾಧ್ ಅವರ ಕೈಜೋಡಣೆಯಿಂದ ಅದು 2019ರಲ್ಲಿ ಅಂತರ್ಜಾಲಕ್ಕೆ ಬಂತು. ಬಂದದ್ದು ಹೇಗೆ? ಇಡೀ ದತ್ತಾಂಶವನ್ನು ಓಪನ್ ಡೇಟಾಬೇಸ್ ಲೈಸೆನ್ಸಿನಲ್ಲಿ ಎಲ್ಲರಿಗೂ ತೆರೆದು! ಒಂದು ಜೀವಮಾನದ ದುಡಿಮೆಯನ್ನು ಹೀಗೆ ಕೊಟ್ಟುಬಿಟ್ಟ ಕನ್ನಡಿಗರು ನಮ್ಮ ಕಾಲದಲ್ಲಿ, ನಮ್ಮ ನಡುವೆ ಇದ್ದಾರೆ ಎನ್ನುವುದನ್ನು ಎಷ್ಟು ಜನಕ್ಕೆ ಹೇಳಿದರೂ ನನಗೆ ಸಾಲದು.

ಅಲರ್‌ನ ಈ ಲೈಸೆನ್ಸ್ ಓಪನ್‌ಸ್ಟ್ರೀಟ್‌ಮ್ಯಾಪ್ ನಕ್ಷೆಗಳಿಗಿರುವ ಲೈಸೆನ್ಸೇ. ಮುಚ್ಚಿದ ಆ್ಯಪು ಈ ನಿಘಂಟನ್ನು ಬಳಸಬಹುದು, ಆ್ಯಪಿನ ಕೋಡು ತೆರೆಯಬೇಕಿಲ್ಲ. ಅರ್ಥ ತೋರಿಸುವ ಕಡೆ, ಈ ಮಾಹಿತಿ ಇಂಥ ದತ್ತಕೋಶದ್ದು, ಇಂಥ ಲೈಸೆನ್ಸಿನದು ಎಂದು ಹೇಳಬೇಕು. ದತ್ತಾಂಶಕ್ಕೆ ಬೀಗ ಹಾಕಿ ಇಟ್ಟರೆ ಬೀಗವಿಲ್ಲದ ಪ್ರತಿಯನ್ನೂ ಒದಗಿಸಬೇಕು. ನಿಘಂಟಿಗೆ ಹೊಸ ಪದ ಸೇರಿಸಿ, ಇದ್ದದ್ದನ್ನು ತಿದ್ದಿ ಸಾರ್ವಜನಿಕವಾಗಿ ಬಳಸಿದರೆ, ಆ ಬೆಳೆದ ನಿಘಂಟನ್ನೂ ಇದೇ ಲೈಸೆನ್ಸಿನಲ್ಲಿ ಎಲ್ಲರಿಗೂ ಕೊಡಬೇಕು.

ಈ ಕೊನೆಯ ಷರತ್ತು ಓದಿದಾಗ ಸೊಸೆಯ ಕಣ್ಣು ಅರಳಿತು. ಬಂದರಿನ ಸುತ್ತ ಬೆಳೆಯುವ ಮಕ್ಕಳಿಗೆ ಬಂದರಿನ ಮಾತು ಬೇಡವೇ? ಲಂಗರು, ಧಕ್ಕೆ, ಹಮಾಲಿ, ಬಾರ್ಜು, ಇಲ್ಲಿನ ಕನ್ನಡದ ಬಾಯಲ್ಲಿ ಕೊಂಕಣಿಯೊಡನೆ ಬೆರೆತು ಬೆಳೆದ ಮಾತುಗಳು. ಅವನ್ನು ಸೇರಿಸಿದರೆ ಕಂಪನಿಯ ಆಸ್ತಿಯಾಗಿ ಒಳಗೆ ಉಳಿಯುವುದಿಲ್ಲ. ನಾಳೆ ಬೀದರಿನವರೋ ಕಾಸರಗೋಡಿನವರೋ ಇನ್ನೊಂದು ಆ್ಯಪ್ ಬರೆದರೆ ಅವರಿಗೂ ಸಿಗುತ್ತವೆ. ಸೇರಿಸಿದ ದತ್ತಾಂಶವನ್ನು ಬೇರೆ ಫೈಲಾಗಿ ಇಟ್ಟು, ಲೈಸೆನ್ಸಿನ ಪ್ರತಿಯೊಂದಿಗೆ ಸಾರ್ವಜನಿಕವಾಗಿ ಹಾಕಲು ಅವಳ ಕಂಪನಿ ಒಪ್ಪಿತು. ಪುಟದಲ್ಲಿ ಹಾರ್ಫ್‌ಬಜ್, ಜೀಲಿಬ್, ಫಾಂಟುಗಳ ಜೊತೆ ವಿ. ಕೃಷ್ಣ ಅವರ ಹೆಸರೂ ಏರಿತು. ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು ಅವಳು ಒಳಮನೆಯತ್ತ ಕೂಗಿದಳು, ವರ್ಷಗಟ್ಟಲೆ ಬಂದರಿನಲ್ಲಿ ದುಡಿದ ತನ್ನ ಅಪ್ಪನಿಗೆ:

“ಅಪ್ಪಾ, ಹೊರಗ ಬರ್ರಿ. ಹಡಗಿಂದ ಮಾಲು ಇಳಸೂ ಮುಂದ ನೀವು ಏನೇನ್ ಅಂತಿದ್ರಿ, ಒಂದೊಂದ ಹೇಳ್ಕೋತ ಹೋಗ್ರಿ, ನಾ ಬರ್ಕೋತೀನಿ.”